ತವುಡಿಗೆ ಮಾರಿದ ಕೂಸು

ಹಳ್ಳಿ ಹಳ್ಳಿ ಸುತ್ತಿ ಸತ್ತ ಮಕ್ಕಳ ಲೆಕ್ಕ ತೆಗೆಯಲು ಹೋಗುತ್ತೇನೆ ಎಂದು ಗಂಗಾಂಬಿಕೆ ಹೇಳಿದಾಗ ಚನ್ನರಾಯಪಟ್ಟಣದ ಅವಳ ಮನೆಯಲ್ಲಿ ಅದು ಯಾರಿಗೂ ಹಿಡಿಸಲಿಲ್ಲ. ಮೈಸೂರಿನಲ್ಲಿ ಅಷ್ಟು ವರ್ಷ ಓದಿ ಬಂದ ಹುಡುಗಿ ಸ್ಕೂಲಿನಲ್ಲಿ ಪಾಠ ಹೇಳಿದರೆ ಒಂದು ಚಂದ, ಮದುವೆಯಾಗಿ ಹೋದರೆ ಇನ್ನೊಂದು ಚಂದ. ಇದೆಂಥ ಕೆಲಸ ಎಂದರು. ಬೆಲ್ಲದ ಮಂಡಿ ನಡೆಸುತ್ತಿದ್ದ ಅಪ್ಪ ಪರಮಶಿವಯ್ಯನವರು, ಸತ್ತವರ ಲೆಕ್ಕ ಬರೆಯುವುದಕ್ಕೆ ಚಿತ್ರಗುಪ್ತನೆಂಬ ಒಬ್ಬ ಗುಮಾಸ್ತನಿದ್ದಾನಲ್ಲ, ಅವನ ಅನ್ನ ನೀನ್ಯಾಕಮ್ಮ ಕಿತ್ತುಕೊಳ್ಳುತ್ತೀ ಎಂದು ನಗೆಯಾಡಿದರು. ನಗುತ್ತಲೇ ಬೇಡವೆಂದರು. ಕೊನೆಗೆ ಅಜ್ಜಿ ಗುರುಸಿದ್ದಮ್ಮ ಎಲೆಯಡಿಕೆಯ ಕುಟ್ಟಾಣಿಯನ್ನು ಚೀಲಕ್ಕೆ ಹಾಕಿಕೊಂಡು, ನಾನೂ ಅವಳ ಜೊತೆ ಹೋಗುತ್ತೇನೆ, ಇನ್ನು ಯಾರೂ ಮಾತಾಡಬೇಡಿ ಎಂದಳು. ಆ ಮನೆಯಲ್ಲಿ ಅಜ್ಜಿ ಎದ್ದು ನಿಂತಳೆಂದರೆ ಅಲ್ಲಿಗೆ ಪಂಚಾಯಿತಿ ಮುಗಿದ ಹಾಗೆ.

ಗಂಗಾಂಬಿಕೆಗೆ ಬೇಕಾಗಿದ್ದದ್ದು ಒಂದೇ. ಮಕ್ಕಳು ಯಾಕೆ ಸಾಯುತ್ತವೆ ಎಂದು ತಿಳಿಯಬೇಕಾಗಿತ್ತು. ಅವಳು ಲಂಗ ತೊಡುವ ವಯಸ್ಸಿನಲ್ಲಿ ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದ ತಮ್ಮ ಒಂದು ಸಂಜೆ ಚಳಿಜ್ವರದಲ್ಲಿ ನಡುಗುತ್ತಾ ಮಲಗಿದವನು ಮತ್ತೆ ಏಳಲಿಲ್ಲ. ಯಾಕೆ ಎಂದು ಕೇಳಿದಾಗ ದೊಡ್ಡವರೆಲ್ಲ ಮುಖ ತಿರುಗಿಸಿದರು. ಅಜ್ಜಿ ಒಬ್ಬಳೇ ತೊಡೆಯ ಮೇಲೆ ಮಲಗಿಸಿಕೊಂಡು ಕಥೆ ಹೇಳಿದಳು. ಜವರಾಯನಿಗೆ ಒಬ್ಬ ಕುರುಡು ಆಳಿದ್ದಾನಂತೆ. ಅವನಿಗೆ ಕಣ್ಣಿಲ್ಲ, ಕಿವಿ ಮಾತ್ರ ಇದೆ. ಊರೂರ ಮೇಲೆ ನಡೆಯುತ್ತಾ, ಯಾವ ತಾಯಿ ಅಕ್ಕರೆಯಿಂದ 'ಮಗನೇ' ಎಂದು ಕೂಗುತ್ತಾಳೋ ಆ ಮನೆಗೆ ಕೈಚಾಚುತ್ತಾನಂತೆ. ಅದಕ್ಕೇ ಜಾಣ ತಾಯಿಯೊಬ್ಬಳು ಹನ್ನೆರಡು ವರ್ಷ ತನ್ನ ಮಗನನ್ನು ಒಮ್ಮೆಯೂ 'ಮಗನೇ' ಎಂದು ಕರೆಯಲೇ ಇಲ್ಲವಂತೆ. ಆಳು ಬಾಗಿಲ ಮುಂದೆ ನಿಂತು ಕಿವಿಗೊಟ್ಟು ಕಿವಿಗೊಟ್ಟು, ಇದು ಬಂಜೆಯ ಮನೆ ಎಂದು ಹೊರಟುಹೋದನಂತೆ. ಆ ವಯಸ್ಸಿಗೆ ಆ ಕಥೆ ಸಾಕಾಗಿತ್ತು. ಬೆಳೆಯುತ್ತಾ ಸಾಲದಾಯಿತು.

ಮೈಸೂರಿನ ಅವಳ ಪ್ರೊಫೆಸರು ಚನ್ನಕೇಶವಯ್ಯನವರು ಹೊಳೆನರಸೀಪುರದ ಕಡೆಯವರು. ಹರೆಯದಲ್ಲಿ ಬೆಳಕಿನ ಕಿರಣಗಳ ಮೇಲೆ ಸಂಶೋಧನೆ ಮಾಡಿದವರು, ಆಮೇಲೆ ಅಂಕಿಸಂಖ್ಯೆಗಳಿಗೆ ಹೊರಳಿಕೊಂಡಿದ್ದರು. ಅವರ ಕೋಣೆಗೆ ಬರುತ್ತಿದ್ದ ಶಿಷ್ಯರದು ಒಬ್ಬೊಬ್ಬರದು ಒಂದೊಂದು ದಾರಿ. ಒಬ್ಬ ಪರಮಾಣುವಿನ ಒಳಗೇನಿದೆ ಎಂದು ಕಾಗದದ ಮೇಲೆಯೇ ಹುಡುಕುತ್ತಿದ್ದ, ಇನ್ನೊಬ್ಬ ಸಹಕಾರ ಸಂಘಗಳು ಯಾಕೆ ಒಡೆಯುತ್ತವೆ ಎಂದು ಹುಡುಕುತ್ತಿದ್ದ, ಮತ್ತೊಬ್ಬ ಹೊಯ್ಸಳರ ಕಾಲದ ಕೆರೆಗಳ ಹಿಂದೆ ಬಿದ್ದಿದ್ದ. ಎಲ್ಲರಿಗೂ ಅವರು ಹೇಳುತ್ತಿದ್ದ ಪಾಠ ಒಂದೇ. ಗಂಗಾಂಬಿಕೆಗೂ ಅದನ್ನೇ ಹೇಳಿದರು.

"ನೋಡಮ್ಮ, ಬೆಳಕಾಗಲಿ, ಸಂಸಾರವಾಗಲಿ, ನೋಡುವವರ ಮನಸ್ಸು ಲೆಕ್ಕದೊಳಗೆ ಸೇರಬಾರದು. ನಿನಗೆ ಕಂಡದ್ದನ್ನು ಬರೆಯಬೇಡ. ತಾಯಿ ಏನು ಹೇಳುತ್ತಾಳೋ ಅದನ್ನು ಬರಿ. ಅವಳಿಗಿಂತ ನಿನಗೆ ಹೆಚ್ಚು ಗೊತ್ತಿಲ್ಲ."

ಕೆಲಸದ ಕ್ರಮ ಹೀಗಿತ್ತು. ಯುಗಾದಿ ಕಳೆದ ಮೇಲೆ ಹಾಸನದ ಸುತ್ತಿನ ಆಯ್ದ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದಿವೆ ಎಂದು ತಾಯಂದಿರನ್ನು ಕೇಳುವುದು. ಐದು ವರ್ಷ ತುಂಬದ ಮಕ್ಕಳನ್ನು ತಾಯಿಯ ಹೆಸರಿನ ಕೆಳಗೆ ಬರೆದುಕೊಳ್ಳುವುದು. ಮಳೆಗಾಲದಲ್ಲಿ ಆ ಮಕ್ಕಳಿಗೆ ಚಳಿಜ್ವರದ ಕ್ವಿನೈನ್ ಕೊಡಿಸುವುದು. ದೀಪಾವಳಿಯ ಮೇಲೆ ಮತ್ತೆ ಹೋಗಿ ಎಷ್ಟು ಉಳಿದಿವೆ ಎಂದು ನೋಡುವುದು. ಯುದ್ಧ ನಡೆಯುತ್ತಿದ್ದ ಕಾಲ. ಕ್ವಿನೈನ್ ಬರುತ್ತಿದ್ದ ಜಾವಾದ್ವೀಪ ಜಪಾನಿನವರ ಕೈಗೆ ಹೋದಮೇಲೆ ಅದು ಬಂಗಾರವಾಗಿತ್ತು. ಜಿಲ್ಲೆಯ ದೊಡ್ಡ ಡಾಕ್ಟರನ್ನು ಕಾಡಿ ಬೇಡಿ, ಬರೆದ ಮಕ್ಕಳಿಗೆ ಆಗುವಷ್ಟನ್ನು ಮಾತ್ರ ಪ್ರೊಫೆಸರು ಕೊಡಿಸಿದ್ದರು. ಇಲ್ಲಿ ಮಕ್ಕಳು ಉಳಿದರೆ ಅದನ್ನೇ ಮುಂದಿಟ್ಟು ಅರಕಲಗೂಡಿನ ಕಡೆಗೂ, ಕಾವೇರಿ ದಂಡೆಯ ಕೊಣನೂರಿಗೂ ಔಷಧ ಕೇಳಬಹುದಿತ್ತು. ಗಂಗಾಂಬಿಕೆ ಹಗಲುಗನಸು ಕಾಣುವ ಹುಡುಗಿ. ಬಸ್ಸಿನಲ್ಲಿ ಕೂತಾಗಲೆಲ್ಲ ಹೊಳೆಯ ದಂಡೆಯ ಉದ್ದಕ್ಕೂ ಮಕ್ಕಳು ಓಡಾಡುವುದು ಅವಳ ಕಣ್ಣಿಗೆ ಕಟ್ಟುತ್ತಿತ್ತು.

ಹಾಸನದಲ್ಲಿ ಸೋದರಮಾವ ರುದ್ರಯ್ಯನವರ ಮನೆಯಲ್ಲಿ ಉಳಿದುಕೊಂಡು ಅಜ್ಜಿ ಮೊಮ್ಮಗಳು ಗಾಡಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಸಾಲಗಾಮೆಯ ಆಚೆಯ ಒಂದು ಹಳ್ಳಿಯಲ್ಲಿ ಆ ದಿನ ಬೆಳಿಗ್ಗೆ ದಾಕ್ಷಾಯಣಮ್ಮನವರ ಮನೆ ಮುಗಿದಿತ್ತು. ತೋಟ, ಎತ್ತು, ತುಂಬಿದ ಸಂಸಾರ. ನಾಲ್ಕು ಮಕ್ಕಳು, ಚಿಕ್ಕವೆರಡು ಐದರೊಳಗಿನವು. ಒಂದು ತೊಟ್ಟಿಲಲ್ಲಿತ್ತು. ರುದ್ರ ಎಂಬ ಇನ್ನೊಂದು ಎಲ್ಲೋ ಆಡಲು ಹೋಗಿದೆ ಎಂದರು. ಅವಳು ಹಾಗೇ ಬರೆದುಕೊಂಡು ಎದುರುಮನೆಗೆ ಹೋದಳು.

ಎದುರುಮನೆ ಬಸವಲಿಂಗಮ್ಮನದು. ಗಂಡ ಚನ್ನಪ್ಪ ಹೊಲಕ್ಕೆ ಹೋಗಿದ್ದ. ಬಸವಲಿಂಗಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಅವಳ ಬೆನ್ನಿಗೆ ಜೋತುಬಿದ್ದು ಒಬ್ಬ ಹುಡುಗ ಉಯ್ಯಾಲೆಯಾಡುತ್ತಿದ್ದ. ಮೂಗಿನಲ್ಲಿ ಉಂಗುರದಂಥ ಒಂದು ತಾಮ್ರದ ಮುರ, ಮೈಯೆಲ್ಲ ಧೂಳು. ಗಂಗಾಂಬಿಕೆ ಪೆನ್ನು ತೆಗೆದ ಕೂಡಲೇ ಅವನು ಬೆನ್ನಿಂದ ಜಾರಿ ಬಂದು ಅದನ್ನು ಕಿತ್ತುಕೊಂಡು ನಾಲಿಗೆಗೆ ಮುಟ್ಟಿಸಿಕೊಂಡ. ನಾಲಿಗೆ ನೀಲಿಯಾಯಿತು. ಹೆಸರೇನೋ ಎಂದರೆ ತಿಪ್ಪ ಎಂದ. ನಿಂದೇನೆ ಎಂದು ತಿರುಗಿ ಕೇಳಿದ. ಗಂಗಾಂಬಿಕೆ ಎಂದರೆ ಅಷ್ಟುದ್ದ ಯಾಕೆ ಮಡಗವ್ರೆ ಎಂದ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಆಮೇಲೆ ಕಾಗದ ತೊಡೆಯ ಮೇಲಿಟ್ಟುಕೊಂಡು, ಎಷ್ಟು ಮಕ್ಕಳಕ್ಕಾ ಎಂದು ಕೇಳಿದಳು.

"ಎತ್ತಿದ್ದು ನಾಕು ಕಣವ್ವ. ನಾಕೂ ಓದೊ."

"ಈಗ?"

"ಈಗ ಯಾರೂ ಇಲ್ಲ."

"ಮತ್ತೆ ಇವನು?"

ಬಸವಲಿಂಗಮ್ಮ ಮೊರದಿಂದ ಕಣ್ಣೆತ್ತಲಿಲ್ಲ. "ಇದು ಮುಂದ್ಲ ಮನೇದು. ದಾಕ್ಷಾಯಣಮ್ಮಾರದು. ಬತ್ತದೆ, ಆಡ್ತದೆ, ಓಯ್ತದೆ."

ಇವನೇ ಆಡಲು ಹೋದ ರುದ್ರ ಎಂದುಕೊಂಡಳು ಗಂಗಾಂಬಿಕೆ. ಹಳ್ಳಿಯಲ್ಲಿ ಮನೆಯವರು ಕರೆಯುವ ಹೆಸರೇ ಬೇರೆ. ಒಂದು ಕ್ಷಣ ಅವಳ ಕಣ್ಣು ಆ ಹುಡುಗನ ಮುಖದಿಂದ ಬಸವಲಿಂಗಮ್ಮನ ಮುಖಕ್ಕೆ ಹೋಯಿತು. ಅದೇ ಅಗಲ ಹಣೆ, ಅದೇ ಒತ್ತಿಕೊಂಡ ಹುಬ್ಬು. ಕಂಡದ್ದನ್ನು ಬರೆಯಬೇಡ ಎಂಬ ಮಾತು ನೆನಪಾಯಿತು. ಹುಟ್ಟಿದ್ದು ನಾಲ್ಕು, ಉಳಿದದ್ದು ಸೊನ್ನೆ ಎಂದು ಬರೆದಳು. ಅಜ್ಜಿ ಜಗಲಿಯ ತುದಿಯಲ್ಲಿ ಕುಟ್ಟಾಣಿ ಕುಟ್ಟುವುದನ್ನು ನಿಲ್ಲಿಸಿ ಹುಡುಗನನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಸೆರಗು ಕೊಡವಿಕೊಂಡು, ಬಿಸಿಲೇರುತ್ತದೆ ನಡಿ ಎಂದು ಮೊಮ್ಮಗಳನ್ನು ಎಬ್ಬಿಸಿದಳು.

ಮಳೆಗಾಲ ಬಂತು. ಆ ವರ್ಷದ ಚಳಿಜ್ವರ ಕೆಟ್ಟದ್ದಾಗಿತ್ತು. ಕಾಂಪೌಂಡರ್ ಪಾಲಾಕ್ಷ ವಾರಕ್ಕೊಮ್ಮೆ ಸ್ಕೂಲಿನ ಜಗಲಿಯಲ್ಲಿ ಕೂತು ಪಟ್ಟಿ ನೋಡಿ ತಾಯಂದಿರ ಹೆಸರು ಕೂಗಿ, ಮಾತ್ರೆ ಅರೆದು ಬೆಲ್ಲದಲ್ಲಿ ಕಲಸಿ ಮಕ್ಕಳ ಬಾಯಿಗಿಡುತ್ತಿದ್ದಾನೆಂದು ಹಾಸನಕ್ಕೆ ಸುದ್ದಿ ಬರುತ್ತಿತ್ತು. ಗಂಗಾಂಬಿಕೆ ಸೋದರಮಾವನ ಮನೆಯ ಅಟ್ಟದಲ್ಲಿ ಕೂತು ಹಳ್ಳಿ ಹಳ್ಳಿಯ ಅಂಕಿಗಳನ್ನು ಕೂಡಿಸುತ್ತಿದ್ದಳು. ದೀಪಾವಳಿ ಕಳೆದು ಅವಳು ಮತ್ತೆ ಮನೆಮನೆಗೆ ಹೋದಾಗ ನಂಬಲಾಗದಂಥ ಫಲ ಕಾಣತೊಡಗಿತು. ಪಕ್ಕದ ಊರುಗಳಲ್ಲಿ ಮನೆಗೊಂದು ಮಗು ಮಣ್ಣಾಗಿತ್ತು. ಬರೆದುಕೊಂಡ ಊರುಗಳಲ್ಲಿ ಬರೆದುಕೊಂಡ ಮಕ್ಕಳು ಒಂದೂ ಹೋಗಿರಲಿಲ್ಲ. ಆ ಹಳ್ಳಿಯಲ್ಲಿ ದಾಕ್ಷಾಯಣಮ್ಮನವರ ರುದ್ರನನ್ನು ಕರೆಸಿ ನೋಡಿದಳು. ಗುಂಡುಗುಂಡಾದ, ನಾಚಿಕೆಯ ಹುಡುಗ. ಮೂಗಿನಲ್ಲಿ ಮುರವಿರಲಿಲ್ಲ.

ಹಾಗಾದರೆ ತಿಪ್ಪ ಯಾರು ಎಂದು ಕೇಳಿದಳು. ದಾಕ್ಷಾಯಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದುರುಮನೆಯ ಕಡೆ ನೋಡಿದರು.

ಬಸವಲಿಂಗಮ್ಮ ಅದೇ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳು. ಕೈಯಲ್ಲಿ ಕೆಲಸವಿರಲಿಲ್ಲ. ಗಂಗಾಂಬಿಕೆ ಅವಳ ಪಕ್ಕದಲ್ಲಿ ಕೂತಳು. ಬಸವಲಿಂಗಮ್ಮನೇ ಮೊದಲು ಬಾಯಿಬಿಟ್ಟಳು.

"ಬರ್ಕೊ ಬಾರವ್ವ. ಎತ್ತಿದ್ದು ಐದು. ಈಗ ಯೋಳ್ಬೋದು. ಈಗ ಬಚ್ಚಿಡೋದೇನೂ ಇಲ್ಲ."

ಆಮೇಲೆ ಅವಳು ಹೇಳಿದ್ದೆಲ್ಲವೂ ಊರಿನ ಎಲ್ಲರಿಗೂ ಗೊತ್ತಿದ್ದದ್ದೇ. ನಾಲ್ಕು ಮಕ್ಕಳು ಹೋದ ಮೇಲೆ ಐದನೆಯದು ಹುಟ್ಟಿದಾಗ ಸೂಲಗಿತ್ತಿ ಕೂಸನ್ನು ಎತ್ತಿಕೊಂಡು ಹೋಗಿ ತಿಪ್ಪೆಯ ಮೇಲೆ ಉರುಳಿಸಿ ತಂದಳು, ತಿಪ್ಪ ಎಂದು ಕರೆದು ಮೂಗು ಚುಚ್ಚಿ ಮುರ ಹಾಕಿದಳು. ಮೊರದಲ್ಲಿ ಮಲಗಿಸಿ ಎದುರುಮನೆಯ ಬಾಗಿಲಿಗೆ ಒಯ್ದಳು. ದಾಕ್ಷಾಯಣಮ್ಮ ಒಂದು ಸೇರು ತವುಡು ಸುರಿದು ಕೂಸನ್ನು ಕೊಂಡುಕೊಂಡರು. ಜವರಾಯನ ಲೆಕ್ಕಕ್ಕೆ ಅಂದಿನಿಂದ ಅದು ಅವರದು. ಬಸವಲಿಂಗಮ್ಮ ಹಾಲೂಡಿಸಿದಳು, ಮೀಯಿಸಿದಳು, ಮಗ್ಗುಲಲ್ಲಿ ಮಲಗಿಸಿಕೊಂಡಳು; ಯಾರ ಮನೆಯದೋ ಮಗುವನ್ನು ಸಾಕುವವಳ ಹಾಗೆ. ಐನೋರು ಬಂದು ಲಿಂಗ ಕಟ್ಟಿದ್ದೂ ಎದುರುಮನೆಯಲ್ಲೇ. ಹುಡುಗ ಅವರನ್ನು ಅವ್ವ ಎನ್ನುತ್ತಿದ್ದ, ಇವಳನ್ನು ಬಸಕ್ಕ ಎನ್ನುತ್ತಿದ್ದ. ಐದು ತುಂಬಿದ ಮೇಲೆ ಶಿವರಾತ್ರಿಯ ದಿನ ಅದೇ ಮೊರದಲ್ಲಿ ತವುಡು ಕೊಟ್ಟು ಮಗನನ್ನು ವಾಪಸು ಕೊಂಡುಕೊಳ್ಳುವುದೆಂದು ಮಾತಾಗಿತ್ತು. ಅದಕ್ಕೆ ಇನ್ನೊಂದೇ ಶಿವರಾತ್ರಿ ಉಳಿದಿತ್ತು.

ಶ್ರಾವಣದಲ್ಲಿ ಹುಡುಗನಿಗೆ ಜ್ವರ ಏರಿದಾಗ ಅವಳು ಅವನನ್ನು ಹೊದಿಸಿಕೊಂಡು ಸ್ಕೂಲಿನ ಜಗಲಿಗೆ ಹೋದಳು. ಎಲ್ಲರ ಹಿಂದೆ ನಿಂತಳು. ಪಾಲಾಕ್ಷ ಇದು ಯಾರ ಮಗು ಎಂದ. ದಾಕ್ಷಾಯಣಮ್ಮಾರದು ಎಂದಳು. ಅವರ ಎರಡಕ್ಕೂ ಕೊಟ್ಟಾಯಿತಲ್ಲ ಎಂದ ಅವನು ಪಟ್ಟಿ ನೋಡಿ. ಅವನು ಕೆಟ್ಟವನಲ್ಲ. ಅವಳ ಮುಖ ನೋಡಿ, ಮಗು ನಿನ್ನದಾದರೆ ಹೇಳಮ್ಮ, ನಿನ್ನ ಹೆಸರಿಗೆ ಬರೆದು ಕೊಡುತ್ತೇನೆ, ಡಾಕ್ಟರಿಗೆ ನಾನು ಉತ್ತರ ಹೇಳಿಕೊಳ್ಳುತ್ತೇನೆ ಎಂದ. ಒಂದು ಸಲವಲ್ಲ, ಎರಡು ಸಲ ಕೇಳಿದ. ಅವಳು ಮಗುವನ್ನು ಎತ್ತಿಕೊಂಡು ಹಿಂದಕ್ಕೆ ಬಂದಳು. ವಿಷಯ ತಿಳಿದ ದಾಕ್ಷಾಯಣಮ್ಮ ಮುಂದಿನ ವಾರ ರುದ್ರನ ಪಾಲಿನಲ್ಲೇ ಅರ್ಧವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಂದರು. ಅಷ್ಟರಲ್ಲಿ ಹುಡುಗನಿಗೆ ನುಂಗಲು ಆಗುತ್ತಿರಲಿಲ್ಲ.

"ಒಂದು ಮಾತು ಕಣವ್ವ," ಎಂದಳು ಬಸವಲಿಂಗಮ್ಮ. "ನನ್ ಮಗ ಅನ್ನೋದು. ಅಂದ್ಬುಟ್ರೆ ಓಯ್ತದೆ ಅಂದ್ಕಂಡು ಅನ್ನಲಿಲ್ಲ. ಅನ್ನಲಿಲ್ಲ, ಆಗ್ಲೂ ಓಯ್ತು. ಮಣ್ಣು ಮಾಡೋವಾಗ್ಲೂ ದಾಕ್ಷಾಯಣಮ್ಮಾರೇ ಮುಂದೆ ನಿಂತ್ರು. ನಾನು ಬೇಲಿ ತಾವ ನಿಂತಿದ್ದೆ."

ಗಂಗಾಂಬಿಕೆ ಜಗಲಿಯಿಂದ ಇಳಿದು ಅಜ್ಜಿಯ ಜೊತೆ ಗಾಡಿ ಹತ್ತಿದಳು. ತಾಮ್ರದ ಮುರ, ತಿಪ್ಪ ಎಂಬ ಹೆಸರು, ಮೊರದಿಂದ ಕಣ್ಣೆತ್ತದ ತಾಯಿ. ಎಲ್ಲ ಎದುರಿಗೇ ಇತ್ತು. ಕುರುಡು ಆಳಿನ ಕಥೆಯನ್ನು ಕೇಳಿ ಬೆಳೆದವಳು ಅವಳು. ಆದರೂ ಆ ಆಳಿನ ಹಾಗೆಯೇ ಬಾಗಿಲಿಗೆ ಹೋಗಿ ಕಿವಿಗೊಟ್ಟು, ಇಲ್ಲಿ ಮಗುವಿಲ್ಲ ಎಂದು ಬರೆದುಕೊಂಡು ಬಂದಿದ್ದಳು. ಆಗ ಅಜ್ಜಿ ಕುಟ್ಟಾಣಿ ನಿಲ್ಲಿಸಿದ್ದು ನೆನಪಾಯಿತು.

"ನಿನಗೆ ಅವತ್ತೇ ಗೊತ್ತಾಗಿತ್ತಾ ಅಜ್ಜಿ?"

ಗುರುಸಿದ್ದಮ್ಮ ಎತ್ತುಗಳ ಬೆನ್ನನ್ನು ನೋಡುತ್ತಾ ಕೂತಿದ್ದಳು. "ಗೊತ್ತಾಗಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಬರಕೋತಾ ಇದ್ದೆ ಮಗ. ಬರೆದಿದ್ದನ್ನ ಯಾರು ಬೇಕಾದ್ರೂ ಓದ್ತಾರೆ ಅಂತ ಸುಮ್ಮಗಾದೆ. ನಮ್ಮನೇಲೂ ಅಂಗೇ ತವುಡಿಗೆ ಮಾರ್ಬೇಕಾಗಿತ್ತು, ನಿನ್ನ ತಮ್ಮನ್ನ. ನಿಮ್ಮಪ್ಪ ಓದಿದೋನು, ನಗ್ತಾನೆ ಅಂತ ಬುಟ್ಟೆ. ಇದಾದ್ರೂ ಉಳೀಲಿ ಅಂದ್ಕಂಡೆ."

ಅದಾದ ಮೇಲೆ ಅಜ್ಜಿ ಮೊಮ್ಮಗಳಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹಾಸನದವರೆಗೂ ಬಂದರು. ಯಾರು ಯಾರನ್ನು ಕ್ಷಮಿಸಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಪ್ರೊಫೆಸರು ರಜೆಗೆ ಹೊಳೆನರಸೀಪುರದ ತಮ್ಮ ಮನೆಗೆ ಬಂದಿದ್ದರು. ಗಂಗಾಂಬಿಕೆ ಪೆಟ್ರೋಲು ಸಿಗದ ಆ ದಿನಗಳ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಕೂತು, ಏರು ಬಂದಲ್ಲೆಲ್ಲ ಇಳಿದು ನಡೆದು, ಮಧ್ಯಾಹ್ನದ ಹೊತ್ತಿಗೆ ಅಲ್ಲಿ ತಲುಪಿದಳು. ಅವರ ಹೆಂಡತಿ ಲಕ್ಷ್ಮೀದೇವಮ್ಮ ಅವಳ ಮುಖ ನೋಡಿ ಕಾಫಿ ತಂದಿಟ್ಟರು. ಪ್ರೊಫೆಸರು ಅವಳ ಅಂಕಿಗಳನ್ನು ಆಗಲೇ ನೋಡಿದ್ದರು. ಇಷ್ಟು ಸ್ಪಷ್ಟವಾದ ಫಲವನ್ನು ತಮ್ಮ ಇಡೀ ಕೆಲಸದಲ್ಲಿ ಕಂಡಿಲ್ಲವೆಂದು, ಇದನ್ನು ಸರ್ಕಾರದ ಮುಂದಿಡಬಹುದೆಂದು ಅವರು ಸಂತೋಷಪಡುತ್ತಿದ್ದರು. ಅವಳು ತಿಪ್ಪನ ವಿಷಯ ಹೇಳಿದಳು.

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅವರಿಗೆ ಸಂಕಟವಾಗಿತ್ತು, ಅದು ಕಾಣುತ್ತಿತ್ತು. ಆದರೂ ತಿದ್ದುವುದಕ್ಕೆ ದಾರಿಯಿಲ್ಲ ಎಂದರು.

"ಮೊದಲ ಎಣಿಕೆಯಲ್ಲಿ ಇಲ್ಲದ ಮಗು ಎರಡನೆಯದರಲ್ಲಿ ಸಾಯೋಕಾಗಲ್ಲಮ್ಮ."

ಅವಳು ಕೇಳಿದಳು: ಅವನೊಬ್ಬನೇ ಎಂದು ಹೇಗೆ ತಿಳಿಯುವುದು? ಎಷ್ಟು ಮನೆಗಳಲ್ಲಿ ನನ್ನದಲ್ಲ ಎಂದಿದ್ದಾರೋ, ಎಷ್ಟು ತಿಪ್ಪಂದಿರು ಪಟ್ಟಿಯ ಹೊರಗೆ ನಿಂತು ಹೋದರೋ? ಬರೆದುಕೊಂಡ ಮಕ್ಕಳು ಯಾರೂ ಸಾಯಲಿಲ್ಲ ಎಂಬುದು ನಿಜ. ಸಾಯುವ ಭಯ ಯಾವ ಮನೆಯಲ್ಲಿ ಹೆಚ್ಚಾಗಿತ್ತೋ ಆ ಮನೆಯ ಮಗುವನ್ನೇ ತಾನು ಬರೆದುಕೊಂಡಿಲ್ಲ. ಆ ಮಾತಿನ ಆಳ ಪ್ರೊಫೆಸರಿಗೆ ತಕ್ಷಣ ಗೊತ್ತಾಯಿತು. ಹಾಗಿದ್ದರೆ ಇಡೀ ಎಣಿಕೆಯನ್ನು ಮತ್ತೆ ಮೊದಲಿಂದ ಮಾಡಬೇಕು ಎಂದರು. ಮನೆಮನೆಗೂ ಹೋಗಿ, ಮಾರಿದ ಮಗು ಇದೆಯೇ ಎಂದು ಬಾಯಿಬಿಟ್ಟು ಕೇಳಬೇಕು, ತಾಯಿಯ ಬಾಯಿಂದಲೇ ಹೌದೆನಿಸಬೇಕು.

ಗಂಗಾಂಬಿಕೆ ಆಗುವುದಿಲ್ಲ ಎಂದಳು. ಯಾವ ತಾಯಿಯೂ ಹೇಳುವುದಿಲ್ಲ. ಹೇಳಿಸಿದರೆ, ಮುಂದೆ ಆ ಮಗುವಿಗೆ ಏನಾದರೂ ಆದರೆ, ತಾನು ಆಡಿದ ಮಾತಿನಿಂದಲೇ ಆಯಿತೆಂದು ಅವಳು ಬದುಕಿರುವಷ್ಟು ಕಾಲ ಕೊರಗುತ್ತಾಳೆ. ತಾನು ಆ ಪ್ರಶ್ನೆಯನ್ನು ಇನ್ನೊಂದು ಜಗಲಿಗೆ ಹೊತ್ತುಕೊಂಡು ಹೋಗಲಾರೆ. ಹೆಸರು ಬೇಡ, ತಾಯಿ ಬೇಡ, ಕಣ್ಣಿಗೆ ಕಂಡ ಮಗುವಿಗೆಲ್ಲ ಔಷಧ ಕೊಡಿಸಿ ಎಂದು ಬೇಡಿಕೊಂಡಳು.

"ಕೊಡಿಸಬಹುದು. ಆದರೆ ತಾಯಿಯ ಹೆಸರಿಲ್ಲದ ಮಗುವನ್ನು ಮುಂದಿನ ವರ್ಷ ಎಲ್ಲಿ ಹುಡುಕುತ್ತೀ? ಉಳಿಯಿತೋ ಹೋಯಿತೋ ಹೇಗೆ ಹೇಳುತ್ತೀ? ಅದು ದಾನವಾಗುತ್ತೆ, ಸಂಶೋಧನೆ ಆಗಲ್ಲ."

ಗೊತ್ತು ಎಂದಳು ಅವಳು.

ಪ್ರೊಫೆಸರು ಎದ್ದು ಕಿಟಕಿಯ ಹತ್ತಿರ ನಿಂತರು. ಆ ಅಂಕಿಗಳಿಂದ ಬರೆಯಬೇಕಿದ್ದ ಪ್ರಬಂಧವನ್ನು ತಾವೇ ಮುಂದೆ ಒಯ್ಯಲಾರೆ, ಸುಳ್ಳೆಂದು ಗೊತ್ತಾದ ಅಂಕಿಗೆ ತಮ್ಮ ಹೆಸರು ಹಾಕಲಾರೆ ಎಂದರು. ಅದರ ಬದಲು ಅರಕಲಗೂಡಿನ ಕಡೆಯ ಡಾಕ್ಟರೊಬ್ಬರು ತಮ್ಮ ಹಳೆಯ ಗೆಳೆಯರು, ಅವರ ಹತ್ತಿರ ಸ್ವಲ್ಪ ಕ್ವಿನೈನ್ ಇರಬಹುದು, ಮಾತಾಡುತ್ತೇನೆ ಎಂದರು. ಗಂಗಾಂಬಿಕೆ ವರ್ಷವಿಡೀ ಬರೆದದ್ದನ್ನೆಲ್ಲ ಅವರ ಮೇಜಿನ ಮೇಲೆ ಬಿಟ್ಟು ಬಂದಳು. ಲಕ್ಷ್ಮೀದೇವಮ್ಮ ಬಾಗಿಲ ತನಕ ಬಂದು, ಕೈಗೆ ಒಂದು ಬಾಳೆಹಣ್ಣಿನ ಚಿಪ್ಪು ಇಟ್ಟರು.

ಮರುವರ್ಷದ ಮಳೆಗೆ ಮುಂಚೆ ಒಂದು ಸಂತೆಯ ದಿನ ಕೊಣನೂರಿನಲ್ಲಿ ಒಂದು ಹುಣಸೆಮರದ ನೆರಳಲ್ಲಿ ಆ ಡಾಕ್ಟರಿಂದ ಸಿಕ್ಕ ಔಷಧ ಕೊಟ್ಟರು. ಬರೆಯುವವರು ಯಾರೂ ಇರಲಿಲ್ಲ. ಯಾರ ಮಗು ಎಂದು ಯಾರೂ ಕೇಳಬಾರದೆಂದು ಗಂಗಾಂಬಿಕೆ ಮೊದಲೇ ಹೇಳಿದ್ದಳು. ಅಜ್ಜಿ ಕಲ್ಲಿನ ಮೇಲೆ ಕೂತು ಬೆಲ್ಲ ಮುರಿದು ಮುರಿದು ಕೊಡುತ್ತಿದ್ದಳು. ಸುದ್ದಿ ಸಂತೆಯೊಳಗೆ ಹೇಗೋ ಹಬ್ಬಿತು. ಮೊದಲು ಒಂದು ಹುಡುಗಿ ಬಂದಳು, ಆಮೇಲೆ ಇಬ್ಬರು ಹುಡುಗರು, ಆಮೇಲೆ ಗುಂಪು. ಕೆಲವು ಬರಿಮೈ, ಕೆಲವಕ್ಕೆ ಮೂಗಿನಲ್ಲಿ ಮುರ, ಕೆಲವಕ್ಕೆ ಅರ್ಧ ಬೋಳಿಸಿದ ತಲೆ. ಒಂದೊಂದೇ ಬಾಯಿ ತೆರೆದು, ಕಹಿಗೆ ಮುಖ ಕಿವುಚಿ, ಬೆಲ್ಲಕ್ಕೆ ಕೈಚಾಚಿದವು.

ತಾಯಂದಿರು ಹತ್ತಿರ ಬರಲಿಲ್ಲ. ಹುಣಸೆಮರದಿಂದ ಅಷ್ಟು ದೂರದಲ್ಲಿ ಹೊಳೆಯ ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಸಂತೆಯ ಕುಕ್ಕೆಗಳನ್ನು ಕಂಕುಳಲ್ಲಿಟ್ಟುಕೊಂಡು, ಬೆನ್ನು ಹಾಕಿ, ಕಾವೇರಿಯ ನೀರನ್ನು ನೋಡುತ್ತಿದ್ದರು. ಹಿಂದೆ ಗದ್ದಲ ಮಾಡುತ್ತಿದ್ದ ಮಕ್ಕಳಲ್ಲಿ ಒಂದೂ ತಮ್ಮದಲ್ಲ ಎನ್ನುವ ಹಾಗೆ. ಇವುಗಳಲ್ಲಿ ಯಾವುದು ಮುಂದಿನ ಚಳಿಗಾಲ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂದು ಗಂಗಾಂಬಿಕೆಗೆ ಎಂದೂ ತಿಳಿಯುವಂತಿರಲಿಲ್ಲ. ಅವಳ ಕಣ್ಣು ಅಭ್ಯಾಸದಂತೆ ಮಕ್ಕಳ ತಲೆಗಳ ಮೇಲೆ ಹೋಯಿತು, ತುಟಿ ಎಣಿಸಲು ಅಲುಗಿತು. ಅವಳು ತುಟಿ ಕಚ್ಚಿಕೊಂಡಳು. ಆಮೇಲೆ ಮೆಲ್ಲಗೆ ಏರಿ ಹತ್ತಿ ಆ ಹೆಂಗಸರ ಸಾಲಿನಲ್ಲಿ ಹೋಗಿ ನಿಂತು, ತಾನೂ ನೀರಿನ ಕಡೆಗೆ ಮುಖ ತಿರುಗಿಸಿದಳು.